ಬೆಳ್ಳಿಪಟ್ಟಿಯ ಮೂಗು

ನಮ್ಮೂರಿನ ಚರಿತ್ರೆಯನ್ನು ಮುಂದೆ ಯಾರಾದರೂ ಪುಣ್ಯಾತ್ಮರು ಬರೆಯಲು ಕೂತರೆ, ಸಹಕಾರಿ ಬ್ಯಾಂಕಿನ ಗಾಜಿನ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿದ ದಿನದಿಂದಲೇ ಆರಂಭಿಸತಕ್ಕದ್ದು. ಅದಕ್ಕೂ ಹಿಂದಿನ ಸಂಗತಿಗಳು, ಅಂದರೆ ಮೂರು ಜನಾಂಗದವರು ಮೂರು ದಿಕ್ಕಿನಿಂದ ಬಂದು ಕೆರೆಯ ಸುತ್ತ ಕೇರಿ ಕಟ್ಟಿದ್ದು, ಹೊಡೆದಾಡಿದ್ದು, ರಾಜಿಯಾದದ್ದು, ಎಲ್ಲವೂ ಪೀಠಿಕೆಗೆ ಸೇರಿದವು. ಬಾಗಿಲನ್ನು ಯಾರು ಒರೆಸಿದರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಬ್ಯಾಂಕಿನವರನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಗಾಜು ಎಂದರೆ ಕೆಮ್ಮಣ್ಣಿನ ಬಣ್ಣದ, ಆಚೆಗೆ ಏನೂ ಕಾಣದ ಒಂದು ಹಲಗೆ. ವರ್ಷದಲ್ಲಿ ನಾಲ್ಕು ತಿಂಗಳು ಬೀಸುವ ಗಾಳಿಯ ದೂಳು ಅದನ್ನು ಹಾಗೆ ಮಾಡಿಟ್ಟಿರುತ್ತದೆ. ಆಚೆಗೆ ಏನಾದರೂ ಕಂಡರೆ ಅದು ಬಾಗಿಲಲ್ಲ, ದಾರಿ. ಈ ನಂಬಿಕೆಯಲ್ಲಿ ಬೆಳೆದ ಅಪ್ಪಾಜಯ್ಯನವರು ಅಂದು ಬೆಳಗ್ಗೆ ತಮ್ಮ ಎಂದಿನ ಗತ್ತಿನಲ್ಲಿ, ಗಲ್ಲ ಮೇಲೆತ್ತಿ, ಆ ದಾರಿಯೊಳಕ್ಕೆ ನೇರವಾಗಿ ನಡೆದರು.

ಸದ್ದು ನನ್ನ ಲೈಬ್ರರಿಯವರೆಗೆ ಕೇಳಿಸಿತು. ನಾನು ಹೋಗುವ ಹೊತ್ತಿಗೆ ಅವರು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು, ಶಲ್ಯದಿಂದ ಮುಖ ಮುಚ್ಚಿಕೊಂಡು, ಸುತ್ತ ನೆರೆದವರನ್ನು ಒಂದು ಕಣ್ಣಿನಿಂದ ಗದರಿಸುತ್ತಿದ್ದರು. "ಏನ್ ನೋಡ್ತಿದೀರಿ? ಮನುಷ್ಯರು ಬೀಳೋದಿಲ್ವಾ?" ಎಂದರು. ಆ ದನಿ ಕೇಳಿ ನೆರೆದವರು ನಗುವುದನ್ನು ಬಿಟ್ಟು ಬೆಚ್ಚಿಬಿದ್ದರು. ಅದು ಮೂಗು ಮುರಿದವರ ದನಿ. ಮೊದಲ ಗಾಳಿಗೆ ಇನ್ನು ಒಂದು ತಿಂಗಳೂ ಇರಲಿಲ್ಲ.

ಬೇರೆ ಯಾರ ಮೂಗು ಮುರಿದಿದ್ದರೂ ಊರು ಒಂದು ವಾರ ನಕ್ಕು ಮರೆಯುತ್ತಿತ್ತು. ಆದರೆ ಅಪ್ಪಾಜಯ್ಯನವರದು ಶ್ರುತಿಯ ಮನೆ. ಗಾಳಿ ಬೀಸಲು ಶುರುವಾದ ಮೇಲೆ ನಮ್ಮೂರಿನಲ್ಲಿ ಚಾಚಿದ ಕೈ ಚಾಚಿದವರಿಗೇ ಕಾಣುವುದಿಲ್ಲ. ಆಗ ಗಾಳಿಗೆ ಎಲ್ಲರ ಮೂಗೂ ನುಡಿಯುತ್ತದೆ, ಆ ಸ್ವರದಿಂದ ಎದುರಿಗೆ ಬಂದವರು ಯಾರೆಂದು ತಿಳಿದುಕೊಳ್ಳುತ್ತೇವೆ. ಮರಳುಕೇರಿಯವರದು ತೆಳ್ಳನೆಯ ಉದ್ದ ಮೂಗು, ನಡುವೆ ಒಂಟೆಯ ಡುಬ್ಬದಂಥ ಏರು. ಅವರ ಸ್ವರ ಹಾರ್ಮೋನಿಯಮ್ಮಿನ ಕೊನೆಯ ಮನೆಗಳಲ್ಲಿರುತ್ತದೆ, ಅಂದರೆ ಎತ್ತರದ ಕೀಲಿಗಳಲ್ಲಿ. ಕಡಲಕೇರಿಯವರದು ಅಗಲ ಬುಡದ ತುಂಬು ಮೂಗು; ಮಣ್ಣಿನ ಹರವಿಯ ಬಾಯಿಗೆ ಊದಿದ ಹಾಗೆ ಕೆಳಗಿನ ದನಿ. ಗುಡ್ಡಗೇರಿಯವರದು, ಅಂದರೆ ನನ್ನದೂ ಸೇರಿ, ಗಿಡ್ಡ ಮೂಗು. ಕುದಿಯುವ ಗಡಿಗೆಯ ಮುಚ್ಚಳದ ಸದ್ದು. ಆ ಸದ್ದನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಇಷ್ಟೆಲ್ಲ ಸ್ವರ ಒಂದಕ್ಕೊಂದು ಹೊಂದಬೇಕಾದರೆ ಮೊದಲು ಒಂದು ಶ್ರುತಿ ಬೇಕು. ಅದಕ್ಕೆ ಮೊದಲ ಗಾಳಿಯ ದಿನ ಊರಿಗೆ ಊರೇ ಮೂಗು ಹಿಡಿದುಕೊಂಡು ಶ್ರುತಿಕಟ್ಟೆಯ ಸುತ್ತ ನಿಲ್ಲುತ್ತದೆ. ಕಟ್ಟೆಯ ಮೇಲೆ ಶ್ರುತಿಯ ಮನೆಯ ಯಜಮಾನರು ಪಡುವಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಅವರ ಮೂಗು ನುಡಿದದ್ದೇ ಆ ವರ್ಷದ ಶ್ರುತಿ. ಉಳಿದವರು ಬೆರಳು ತೆಗೆದು, ಗಲ್ಲ ಎತ್ತಿಯೋ ಇಳಿಸಿಯೋ ತಮ್ಮ ಸ್ವರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಅಪ್ಪಾಜಯ್ಯನವರ ತಂದೆಗೆ ಒಂದು ವರ್ಷ ನೆಗಡಿಯಾಗಿ ಶ್ರುತಿ ಒಂದು ದಿನ ತಡವಾಯಿತು. ಅವತ್ತು ಅಂಗಡಿಯ ಸೀಬಣ್ಣ ಯಾರದೋ ಮನೆಗೆ ಹೋಗಿ, ಉಂಡು, ಮಲಗಿ, ಎದ್ದು ಬಂದ. ಯಜಮಾನರು ಅವತ್ತು ಎರಡು ಸಲ ಮಜ್ಜಿಗೆ ಕೇಳಿದರು ಎಂಬುದನ್ನು ಬಿಟ್ಟರೆ ಆ ಮನೆಯಾಕೆಗೂ ಯಾವ ಅನುಮಾನವೂ ಬರಲಿಲ್ಲ.

ನಾನು ಅಪ್ಪಾಜಯ್ಯನವರ ಮೊಣಕೈ ಹಿಡಿದು ಡಾಕ್ಟರ್ ದೇವಮ್ಮಣ್ಣಿಯವರ ಬಳಿ ಕರೆದೊಯ್ದೆ. ದೂರವೇನಿಲ್ಲ, ನನ್ನ ಲೈಬ್ರರಿಗೂ ಅವರ ಆಸ್ಪತ್ರೆಗೂ ನಡುವೆ ಒಂದು ಹಲಗೆಯ ಗೋಡೆ ಅಷ್ಟೆ. ಹೀಗಾಗಿ ಊರಿನ ಮೂಗುಗಳ ವಿಚಾರದಲ್ಲಿ ನಾನು ಪುಸ್ತಕ ಓದದೆಯೂ ಸಾಕಷ್ಟು ವಿದ್ವಾಂಸನಾಗಿದ್ದೇನೆ.

ದೇವಮ್ಮಣ್ಣಿಗಿಂತ ಮೊದಲು ಇದ್ದ ಡಾಕ್ಟರು ಪರಸ್ಥಳದವರು. ಮೇಜಿನ ಮೇಲೆ ಒಂದು ಸುಣ್ಣದ ಮೂಗು ಇಟ್ಟುಕೊಂಡಿದ್ದರು. ಲಕ್ಷಣವಾದ ಮೂಗೇ, ಯಾವುದೋ ದೇಶದ ವಿಗ್ರಹದ ಅಚ್ಚಂತೆ. ಯಾವ ಕೇರಿಯವರು ಏನು ಕಾಯಿಲೆಗೆ ಬಂದರೂ ಆ ಮೂಗನ್ನೇ ಮಾಡಿ ಕಳಿಸುತ್ತಿದ್ದರು. ಗಾಳಿ ಬಂದಾಗ ಅಷ್ಟೂ ಜನ ಒಂದೇ ಸ್ವರ ನುಡಿದರು. ದೇವಮ್ಮಣ್ಣಿಯ ತಂದೆಗೂ ಅವರೇ ಆಪರೇಷನ್ ಮಾಡಿದ್ದರು. ಒಂದು ಮಧ್ಯಾಹ್ನ ದೂಳಿನಲ್ಲಿ ಮಗು ದೇವಮ್ಮಣ್ಣಿ ಆ ಸ್ವರದ ಬೆರಳು ಹಿಡಿದು ನಡೆದು ನಡೆದು ಮನೆ ಸೇರಿತು. ನೋಡಿದರೆ ಅದು ಬಳೆಗಾರರ ಮನೆ. ಅವರು ಪಾಪ ಊಟ ಹಾಕಿ, ಕೈತುಂಬ ಬಳೆ ತೊಡಿಸಿ ಕಳಿಸಿದರು. ಆದರೂ ಆ ಮಧ್ಯಾಹ್ನವನ್ನು ಆಕೆ ಮರೆತಿಲ್ಲ. ಓದಿ ಡಾಕ್ಟರಾಗಿ ವಾಪಸು ಬಂದ ಮೇಲೆ, ಮೂವರು ರಕ್ತಸಂಬಂಧಿಕರ ಮೂಗು ಮುಟ್ಟಿ ನೋಡದೆ ಯಾರ ಮೂಗಿಗೂ ಕತ್ತಿ ತಾಕಿಸುವುದಿಲ್ಲ ಎಂಬ ನಿಯಮ ಮಾಡಿಕೊಂಡರು. ಸುಣ್ಣದ ಮೂಗನ್ನು ಬಾಗಿಲು ಹೊಡೆದುಕೊಳ್ಳದಂತೆ ಒತ್ತಿಡಲು ಬಳಸುತ್ತಾರೆ.

ಅಪ್ಪಾಜಯ್ಯನವರನ್ನು ಕುರ್ಚಿಯ ಮೇಲೆ ಒರಗಿಸಿ, ರಕ್ತ ಒರೆಸಿ, ದೇವಮ್ಮಣ್ಣಿ ಎರಡು ಬೆರಳಿನಿಂದ ಮೂಗಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರು. ಇನ್ನೊಮ್ಮೆ ಎತ್ತಿ ಬಿಟ್ಟರು. ಸೀರೆ ಅಂಗಡಿಯಲ್ಲಿ ಸೆರಗು ಮುಟ್ಟಿ ನೋಡುವವರ ಮುಖ ಹಾಗಿರುತ್ತದೆ.

"ಯಜಮಾನ್ರೇ, ತಾವು ಯಾವ ಕೇರಿ?"

ಅಪ್ಪಾಜಯ್ಯನವರು ನೋವು ಮರೆತು ಎದ್ದು ಕೂತರು. "ಏನಮ್ಮಾ ಇದು! ಶ್ರುತಿ ಮನೆಯವರನ್ನ ಹಿಡ್ಕೊಂಡು ಯಾವ ಕೇರಿ ಅಂತೀರಲ್ಲ! ನಿಂಗಣ್ಣ, ಹೇಳೋ ಇವರಿಗೆ."

"ಮರಳುಕೇರಿ," ಎಂದೆ ನಾನು.

"ಗೊತ್ತು. ಆದ್ರೆ ಚರ್ಮ ಹಂಗೆ ಹೇಳ್ತಿಲ್ಲ," ಎಂದು ದೇವಮ್ಮಣ್ಣಿ ಹಣೆಯ ದೀಪ ಹೊತ್ತಿಸಿಕೊಂಡು ಮೂಗಿನ ಒಳಗೆ ಇಣುಕಿದರು. ಇಣುಕಿದವರು ಹಾಗೇ ನಿಂತರು. ಆಮೇಲೆ ಚಿಮಟ ಹಾಕಿ, "ಉಸಿರು ಬಿಗಿ ಹಿಡೀರಿ" ಎಂದು ಏನನ್ನೋ ಎಳೆದರು. ಅಪ್ಪಾಜಯ್ಯನವರು ಕಿರುಚಿದ ಕಿರುಚಿಗೆ ಗೋಡೆಯ ಆಚೆ ನನ್ನ ಲೈಬ್ರರಿಯ ಓದುಗರೊಬ್ಬರು "ಶ್!" ಎಂದರು. ತಟ್ಟೆಯೊಳಗೆ ಟಣ್ಣೆಂದು ಬಿದ್ದದ್ದು ಕಿರುಬೆರಳುದ್ದದ ಒಂದು ಬೆಳ್ಳಿಯ ಪಟ್ಟಿ, ಅಪಘಾತದಲ್ಲಿ ಕುಡುಗೋಲಿನಂತೆ ಬಾಗಿದ್ದು.

"ಜೋಪಾನ, ಜೋಪಾನ! ಅದು ನಮ್ಮ ತಂದೆಯವರದು," ಎಂದರು ಅಪ್ಪಾಜಯ್ಯ.

"ಅದು ಮೂಗಿನೊಳಗೆ ಯಾಕಿತ್ತು?"

"ಇನ್ನೆಲ್ಲಿರುತ್ತೆ?"

ದೇವಮ್ಮಣ್ಣಿ ನನ್ನ ಮುಖ ನೋಡಿದರು. ಅಪ್ಪಾಜಯ್ಯನವರೂ ನೋಡಿದರು. "ಇವನನ್ನೇನು ನೋಡ್ತೀರಿ, ಇವನು ಗುಡ್ಡಗೇರಿ, ಇವನಿಗೆ ಇರಲ್ಲ. ನಮ್ಮ ಮರಳುಕೇರಿ ಗಂಡಸರಿಗೆಲ್ಲ ಇರುತ್ತೆ. ಮೀಸೆ ಬರೋ ಹೊತ್ತಿಗೆ ಮನೆ ಹೆಂಗಸರು ಹಾಕ್ತಾರೆ. ವರ್ಷಕ್ಕೊಂದ್ಸಲ, ಹೆಂಡತಿಗೂ ಕಾಣದ ಹಾಗೆ, ಸೋದರತ್ತೆ ತೆಗೆದು ಹುಣಸೆಹಣ್ಣಲ್ಲಿ ತಿಕ್ಕಿ ಮತ್ತೆ ಹಾಕ್ತಾರೆ. ಅದು ನಮ್ಮ ಸಂಪ್ರದಾಯ."

"ಮರಳುಕೇರಿಯವರ ಮೂಗು ಎಷ್ಟೋ ಬಿಚ್ಚಿದೀನಿ ಯಜಮಾನ್ರೇ. ಹೋದ ತಿಂಗಳು ಹಂಪಯ್ಯನೋರ ತಮ್ಮಂದು ಬಿಚ್ಚಿದೆ. ಒಬ್ಬರಲ್ಲೂ ಇಂಥದ್ದು ಕಂಡಿಲ್ಲ."

"ತೆಗೆದಿಟ್ಟು ಬಂದಿರ್ತಾರಮ್ಮಾ! ಆಸ್ಪತ್ರೆಗೆ ಬೆಳ್ಳಿ ಹಾಕ್ಕೊಂಡು ಯಾರಾದ್ರೂ ಬರ್ತಾರಾ?"

ನಾನು ಸ್ವಲ್ಪ ಸಂಕೋಚದಿಂದಲೇ ಕೇಳಿದೆ. "ಅಲ್ಲ ಅಪ್ಪಾಜಯ್ಯ, ಇಷ್ಟು ವರ್ಷದಲ್ಲಿ ನಿಮ್ಮ ಕೇರಿಯವರು ಯಾರಾದ್ರೂ ಈ ಪಟ್ಟಿಯ ಮಾತೆತ್ತಿದ್ದು ಉಂಟಾ?"

"ಅದು ಕೇಳೋ ವಿಷಯವೇನಯ್ಯಾ? ಪಂಚೆ ಒಳಗೆ ಏನು ಉಟ್ಟಿದೀರಿ ಅಂತ ಯಾರನ್ನಾದ್ರೂ ಕೇಳ್ತೀವಾ?"

ಹೇಳಿದ್ದೇನೋ ಗಟ್ಟಿಯಾಗಿಯೇ ಹೇಳಿದರು. ಆದರೆ ಹೇಳಿ ಮುಗಿದ ಮೇಲೆ ಅವರ ಕಣ್ಣು ತಟ್ಟೆಯ ಕಡೆ ಹೋಗಿ ಅಲ್ಲೇ ನಿಂತಿತು.

ಮರುದಿನ ರಕ್ತಸಂಬಂಧಿಕರು ಬಂದರು. ಒಬ್ಬರು ಅಪ್ಪಾಜಯ್ಯನವರ ಸೋದರತ್ತೆ ಪಾರತ್ತೆ. ಹಲ್ಲಿಲ್ಲ, ಆದರೆ ಮಾತು ಗರಗಸ. ಇನ್ನೊಬ್ಬಳು ಅವರ ಮಗಳು ಗುಣವತಿ. ಮೂರನೆಯವರು ಸಿಗಲಿಲ್ಲ; ಇವರಿಬ್ಬರ ಮೂಗು ಒಂದೇ ಮಾತು ಹೇಳಿದರೆ ಸಾಕು ಎಂದು ಡಾಕ್ಟರು ಒಪ್ಪಿದರು. ಜೊತೆಗೆ ಕರೆಯದಿದ್ದರೂ ಬಂದವರು ಅಪ್ಪಾಜಯ್ಯನವರ ಹೆಂಡತಿ ತಾಯಕ್ಕ.

ಇಲ್ಲಿ ತಾಯಕ್ಕನವರ ವಿಷಯ ಒಂದಿಷ್ಟು ಹೇಳಬೇಕು. ಆಕೆ ಅಚ್ಚ ಮರಳುಕೇರಿ. ಆಕೆಯ ಮೂಗಿನಿಂದ ಹೊಸ ಪುಸ್ತಕದ ಹಾಳೆ ಕತ್ತರಿಸಬಹುದು. ಮಗಳು ಗುಣವತಿ ಹುಟ್ಟಿದ್ದು ಅಗಲ ಬುಡದ, ತುಂಬು ಮೂಗಿನೊಡನೆ. "ಆ ಮನೆಯ ಹೆಣ್ಣುಮಕ್ಕಳೆಲ್ಲ ತಾಯಿಯ ಕಡೆ ಹೋಗುತ್ತವೆ," ಎಂದು ಕೇರಿ ತಲೆಮಾರುಗಳಿಂದ ಹೇಳುತ್ತ ಬಂದಿತ್ತು. ಆದರೆ ಈ ತಾಯಿಯ ಕಡೆ ಅಂಥ ಮೂಗು ಯಾರಿಗೂ ಇರಲಿಲ್ಲ. ಹಾಗಾಗಿ ಅದೇ ಮಾತನ್ನು ಈಗ ಬೇರೆ ರಾಗದಲ್ಲಿ, ತುಟಿಯಂಚಿನಲ್ಲಿ ಹೇಳತೊಡಗಿದರು. ಕಡಲಕೇರಿಯ ಮೀನಿನವನು ಬುಟ್ಟಿ ಹೊತ್ತು ಬಂದರೆ ನೆರೆಯವರು ಒಮ್ಮೆ ಅವನ ಮೂಗು ನೋಡಿ, ಒಮ್ಮೆ ತಾಯಕ್ಕನ ಬಾಗಿಲು ನೋಡಿ, ಆಮೇಲೆ ಮೀನು ಕೊಳ್ಳುತ್ತಿದ್ದರು. ಅಪ್ಪಾಜಯ್ಯನವರು ಹೆಂಡತಿಯನ್ನು ಒಂದು ಮಾತೂ ಕೇಳಿದವರಲ್ಲ. ಆದರೆ ಶ್ರುತಿಯ ದಿನ ಮಗಳನ್ನು ಕಟ್ಟೆ ಹತ್ತಿಸಿದವರೂ ಅಲ್ಲ. ಗುಣವತಿಗೆ ಈಗ ಇಪ್ಪತ್ತರ ಮೇಲಾಗಿತ್ತು.

ಪಾರತ್ತೆ ಒಳಗೆ ಬಂದವರೇ ತಟ್ಟೆಯಲ್ಲಿದ್ದ ಪಟ್ಟಿ ನೋಡಿ, "ಅಯ್ಯೋ, ಕೊನೆಗೂ ಪೂರ್ತಿಯಾಗಿ ತೆಗೆದ್ರಾ? ನಾನು ಸಾಯೋದ್ರೊಳಗೆ ತೆಗೀತಾರೋ ಇಲ್ವೋ ಅಂತಿದ್ದೆ," ಎಂದರು.

"ಅತ್ತೆ, ಇದು ನಮ್ಮ ಕೇರಿ ಗಂಡಸರಿಗೆಲ್ಲ ಇರುತ್ತೆ ತಾನೇ?" ಅಪ್ಪಾಜಯ್ಯನವರ ದನಿ ಮೀಸೆ ಬರುವ ಮೊದಲಿನ ದನಿಯಾಗಿತ್ತು.

"ಯಾರಿಗೂ ಇಲ್ಲ ಕಣೋ ಮಗಾ."

ಪಾರತ್ತೆ ಹೇಳಿದ್ದು ಇಷ್ಟು. ಅಪ್ಪಾಜಯ್ಯನವರ ಮುತ್ತಜ್ಜ ಕಡಲಕೇರಿಯ ಹುಡುಗ. ಶ್ರುತಿಯ ಮನೆಯಲ್ಲಿ ಆಗ ಒಬ್ಬಳೇ ಮಗಳು. ಆಕೆ ದೂಳಿನಲ್ಲಿ ಆ ದನಿ ಕೇಳಿ, ಮುಖ ನೋಡುವ ಮೊದಲೇ ಮನಸ್ಸು ಮಾಡಿಬಿಟ್ಟಿದ್ದಳು. ಆಕೆಯ ತಂದೆ ಮನೆ ಅಳಿಯನನ್ನೇನೋ ತಂದುಕೊಂಡರು, ಆದರೆ ಕಟ್ಟೆ ಹತ್ತಿಸುವುದು ಹೇಗೆ? ಅಕ್ಕಸಾಲಿಗನನ್ನು ಕರೆಸಿ, ಮೂಗನ್ನು ಒಳಗಿನಿಂದ ಎತ್ತಿ ನಿಲ್ಲಿಸುವ ಒಂದು ಪಟ್ಟಿ ಮಾಡಿಸಿ, ದೂರದ ನೆಂಟರ ಹುಡುಗನೆಂದು ಊರಿಗೆ ಹೇಳಿದರು. ಆಮೇಲೆ ಹುಟ್ಟಿದ ಗಂಡುಮಕ್ಕಳಿಗೆಲ್ಲ ಮನೆಯ ಹೆಂಗಸರೇ ಅದನ್ನು ಹಾಕುತ್ತ ಬಂದರು. ಮರಳುಕೇರಿಯ ಗಂಡಸರಿಗೆಲ್ಲ ಇರುತ್ತದೆ, ಆದರೆ ಬಾಯಿ ಬಿಡಬಾರದು ಎಂದು ಹೇಳಿ ಹಾಕುತ್ತ ಬಂದರು.

"ನಿಜ ಹೇಳಬಹುದಿತ್ತಲ್ಲ ಅತ್ತೆ?"

"ಗಂಡಸರಿಗೆ ನಿಜ ಹೇಳಿದ್ರೆ ಸಂಜೆಯೊಳಗೆ ಊರಿಗೆಲ್ಲ ಹೇಳ್ಕೊಂಡು ಬರ್ತೀರಿ. ಸುಳ್ಳಾದ್ರೆ ಗುಟ್ಟಾಗಿ ಇಟ್ಕೋತೀರಿ."

"ಮತ್ತೆ ಹೆಣ್ಣುಮಕ್ಕಳಿಗೆ ಯಾಕೆ ಹಾಕ್ಲಿಲ್ಲ ಅಜ್ಜಿ?" ಎಂದು ಗುಣವತಿ ಮೊದಲ ಸಲ ಬಾಯಿ ತೆರೆದಳು.

"ಕಟ್ಟೆ ಹತ್ತೋರು ನಾವಾ? ಬೆಳ್ಳಿ ದಂಡ," ಎಂದರು ಪಾರತ್ತೆ. "ನಿಮ್ಮಪ್ಪನಿಗೆ ಹುಟ್ಟಿದ ತಿಂಗಳಿಂದ ಎಣ್ಣೆ ಹಚ್ಚಿ ಎಳೆದೂ ಎಳೆದೂ ನಮ್ಮಮ್ಮನ ಬೆರಳೇ ಸವೀತು. ಮೂಗು ಏಳ್ಲಿಲ್ಲ."

ದೇವಮ್ಮಣ್ಣಿ ಪಾರತ್ತೆಯ ಮೂಗು, ಗುಣವತಿಯ ಮೂಗು, ಅಪ್ಪಾಜಯ್ಯನವರ ಮೂಗು ಒಂದಾದ ಮೇಲೊಂದರಂತೆ ಮುಟ್ಟಿದರು. ತುದಿ ಒತ್ತಿ ಬಿಟ್ಟರು. ಮೂರೂ ಒಂದೇ ರೀತಿ ಮೆತ್ತಗೆ ಒಳಹೋಗಿ ಒಂದೇ ರೀತಿ ನಿಧಾನವಾಗಿ ಮೇಲೆದ್ದವು. ತಾಯಕ್ಕ ಅದನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಆಗ ಏನಾಯಿತು ಎಂದು ವಿವರಿಸಲು ನಾನು ಓದಿದ ಪುಸ್ತಕಗಳು ಸಾಲವು.

ಅಪ್ಪಾಜಯ್ಯನವರು ಮಾತ್ರ ವ್ಯವಹಾರಕ್ಕೆ ಬಂದರು. "ಆಯ್ತು. ಪಟ್ಟಿ ನೆಟ್ಟಗೆ ಮಾಡಿ ಮತ್ತೆ ಒಳಗೆ ಹಾಕಿ."

"ಆಗಲ್ಲ. ಒಳಗೆ ನಡುಗೋಡೆ ಕೊರೆದು ಹೋಗಿದೆ. ಇನ್ನೊಂದು ಗಾಳಿಗೆ ತೂತಾಗುತ್ತೆ. ಆಮೇಲೆ ಮೂಗು ಕೂತುಬಿಡುತ್ತೆ, ಉಸಿರೂ ಇರಲ್ಲ, ಸ್ವರವೂ ಇರಲ್ಲ."

"ಹಂಗಾದ್ರೆ ಕೊಯ್ದು ಮರಳುಕೇರಿ ಮೂಗೇ ಮಾಡಿ. ಹಂಪಯ್ಯನ ತಮ್ಮನಿಗೆ ಮಾಡಿದ್ರಲ್ಲ, ಅದೇ ಥರ."

ದೇವಮ್ಮಣ್ಣಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನೋಡಿ ಯಜಮಾನ್ರೇ. ಹಂಪಯ್ಯನೋರ ಮನೆಯವರ ಚರ್ಮ ಮಲ್ಲು ಪಂಚೆ. ಅದರ ಕೆಳಗೆ ಒಂದು ಕಡ್ಡಿ ಇದ್ರೂ ಎದ್ದು ಕಾಣುತ್ತೆ. ಅದಕ್ಕೆ ಅವರ ಮೂಳೆನ ಒಂದು ಚೂರು ಅರದಲ್ಲಿ ಉಜ್ಜಿ, ಕೈ ತೊಳ್ಕೊಂಡು ಎದ್ದುಬಿಡ್ತೀನಿ. ಗುಡ್ಡಗೇರಿಯವರಿಗೆ ಮೇಲೆ ದಿಬ್ಬವೇ ಇಲ್ಲ, ಪಕ್ಕೆಲುಬಿನ ತುದಿಯಿಂದ ಎಳೆಮೂಳೆ ತಂದು ಕಟ್ಟಬೇಕು. ನಿಮ್ಮದು ಕಂಬಳಿ. ಕಂಬಳಿ ಕೆಳಗೆ ಎಷ್ಟು ಉಜ್ಜಿದ್ರೂ ಮೇಲೆ ಏನೂ ಕಾಣಲ್ಲ, ಡೇರೆ ಕುಸಿಯುತ್ತೆ ಅಷ್ಟೆ. ಕಿವಿ ಹಿಂದಿಂದ ಎಳೆಮೂಳೆ ತಗೊಂಡು, ಒಳಗೆ ಕಂಬ ನೆಟ್ಟು, ತುದಿ ಎತ್ತಿ ನಿಲ್ಲಿಸ್ತೀನಿ. ಬುಡ ಮುಟ್ಟಲ್ಲ. ಉಸಿರು ಸರಾಗವಾಗಿ ಓಡಾಡುತ್ತೆ. ಆಗ ಅದು ನಿಮ್ಮದೇ ಮೂಗು."

"ನನ್ನದೇ ಅಂದ್ರೆ ಹೆಂಗಿರುತ್ತೆ?"

"ಅದನ್ನ ನೀವೂ ನೋಡಿಲ್ಲ, ನಾನೂ ನೋಡಿಲ್ಲ."

"ಅದು ಕಡಲಕೇರಿ ಸ್ವರ ನುಡಿದ್ರೆ ನನ್ನನ್ನ ಕಟ್ಟೆಯಿಂದ ಇಳಿಸ್ತಾರಮ್ಮಾ," ಎಂದರು ಅಪ್ಪಾಜಯ್ಯ. ಜಂಬವೆಲ್ಲ ಬಿಟ್ಟುಹೋದ ದನಿ. "ಹಂಪಯ್ಯ ಆ ಜಾಗಕ್ಕೇ ಕಾಯ್ತಿದಾನೆ. ಅಪ್ಪ, ಅಜ್ಜ ನಿಂತ ಕಟ್ಟೆ. ಬೇಡ. ಹೆಂಗಾದ್ರೂ ಮಾಡಿ ಈ ಒಂದು ವರ್ಷಕ್ಕೆ ಪಟ್ಟಿ ಹಾಕ್ಬಿಡಿ."

ಆಗ ತಾಯಕ್ಕ ಮುಂದೆ ಬಂದು ತಟ್ಟೆಯಿಂದ ಪಟ್ಟಿಯನ್ನು ಎತ್ತಿಕೊಂಡರು. "ರೀ. ಇಪ್ಪತ್ತು ವರ್ಷದಿಂದ ಈ ಕೇರಿ ನನ್ನ ಹೆಂಗೆ ನೋಡಿದೆ ಅಂತ ನಿಮಗೆ ಗೊತ್ತು. ಮಗಳು ನನ್ನ ಕಡೆ ಹೋಗಿದಾಳಂತೆ! ಯಾವ ಕಡೆಗೆ ಅಂತ ಯಾರಾದ್ರೂ ತೋರಿಸ್ಲಿ. ನೀವು ನನ್ನ ಏನೂ ಕೇಳ್ಲಿಲ್ಲ, ದೊಡ್ಡ ಮನಸ್ಸು. ಕೇಳಿದ್ರೆ ನಾನು ಉತ್ತರನಾದ್ರೂ ಕೊಡ್ತಿದ್ದೆ. ಈಗ ಈ ಬೆಳ್ಳಿ ಮತ್ತೆ ಒಳಗೆ ಹೋದ್ರೆ, ನೀವು ಆ ಕಟ್ಟೆ ಮೇಲೇ ಅಡುಗೆ ಮಾಡ್ಕೊಂಡು ಇರಿ."

ಹೇಳಿ, ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟುಹೋದರು. ಗುಣವತಿ ಹೋಗಲಿಲ್ಲ. ಅಪ್ಪನ ಮೂಗಿನ ಕಡೆ, ಮೊದಲ ಸಲ ನೋಡುವವಳಂತೆ ನೋಡುತ್ತ ನಿಂತಳು. ಅಪ್ಪಾಜಯ್ಯನವರು ಬಹಳ ಹೊತ್ತು ಆ ನೋಟ ತಪ್ಪಿಸಿಕೊಂಡರು. ಕೊನೆಗೆ, "ಕಿವಿ ಯಾವುದು ಡಾಕ್ಟ್ರಮ್ಮ, ಎಡಗಡೇದಾ ಬಲಗಡೇದಾ?" ಎಂದರು.

ಮಾರನೆಯ ಬೆಳಗ್ಗೆ ಪಟ್ಟಿ ಶ್ರುತಿಯ ಮನೆಯ ಬಾಗಿಲ ಮೇಲೆ, ಮಾವಿನೆಲೆಯ ತೋರಣದ ನಡುವೆ ತೂಗುತ್ತಿತ್ತು. ತಾಯಕ್ಕ ಅದರ ಕೆಳಗೆ ನಿಂತು, ಕೇಳಿದವರಿಗೆ, ಕೇಳದವರಿಗೆ, ಮೀನು ಕೊಳ್ಳಲು ಬಂದವರಿಗೆ ಕಥೆಯನ್ನು ಮೊದಲಿನಿಂದ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಊರು ಕೊತಕೊತ ಕುದಿಯತೊಡಗಿತು. ನನ್ನ ಲೈಬ್ರರಿಗೆ ಜನ್ಮದಲ್ಲಿ ಕಾಲಿಡದವರೆಲ್ಲ ಬಂದು, ಪುಸ್ತಕವನ್ನು ತಲೆಕೆಳಗು ಹಿಡಿದುಕೊಂಡು, ಹಲಗೆಯ ಗೋಡೆಗೆ ಕಿವಿ ಹಚ್ಚಿ ಕೂತರು. ಮರಳುಕೇರಿಯ ಹುಡುಗರು ಕನ್ನಡಿ ಮುಂದೆ ನಿಂತು ತಮ್ಮ ಮೂಗಿನೊಳಗೆ ಇಣುಕಿ ನೋಡಿಕೊಂಡರು. ಕಡಲಕೇರಿಯ ಮುದುಕರು ಅಪ್ಪಾಜಯ್ಯನವರ ಮುತ್ತಜ್ಜ ತಮ್ಮ ಮನೆಯವನೇ ಎಂದು ಒಬ್ಬರ ಮೇಲೊಬ್ಬರು ವಾದಕ್ಕೆ ಬಿದ್ದರು. ಇಂಥ ಸಡಗರವನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ.

ಹಂಪಯ್ಯನವರು ಹಿರಿಯರನ್ನು ಸೇರಿಸಿದರು. ಅವರು ಮರಳುಕೇರಿಯಲ್ಲಿ ಎರಡನೆಯ ದೊಡ್ಡ ಮನೆ. ಎರಡನೆಯದಾಗಿರುವುದು ಅವರಿಗೆ ಹುಟ್ಟಿದಂದಿನಿಂದ ಇದ್ದ ಬೇನೆ. "ಶ್ರುತಿ ಅನ್ನೋದು ನಮ್ಮ ಕೇರಿಯದು. ಬ್ಯಾಂಡೇಜ್ ಕಟ್ಟಿದ ಕಡಲ ಮೂಗಿಗೆ ಊರು ತಲೆಬಾಗಬೇಕಾ? ಈ ಸಲ ಕಟ್ಟೆ ಮೇಲೆ ನಾನು ನಿಲ್ತೀನಿ," ಎಂದರು.

"ನಾಕು ತಲೆಮಾರು ನಿಂಗೆ ಶ್ರುತಿ ಕೊಟ್ಟಿದ್ದು ಅದೇ ಕಡಲ ಮೂಗು ಕಣಪ್ಪಾ. ಆಗ ಸಿಹಿಯಾಗಿತ್ತಾ?" ಎಂದರು ಪಾರತ್ತೆ ಹೆಂಗಸರ ಸಾಲಿನಿಂದ.

ಹಿರಿಯರು ತಲೆ ಕೆರೆದುಕೊಂಡರು. ಮೊದಲು ನುಡಿದ ಮೂಗೇ ಶ್ರುತಿ ಎಂಬುದು ರೂಢಿ. ಅದು ಯಾವ ಕೇರಿಯದಿರಬೇಕು ಎಂದು ಯಾರೂ ಯಾವತ್ತೂ ಹೇಳಿರಲಿಲ್ಲ, ಏಕೆಂದರೆ ಕೇಳಿರಲಿಲ್ಲ. ಕೊನೆಗೆ ಇಬ್ಬರೂ ಕಟ್ಟೆಯ ಮೇಲೆ ನಿಲ್ಲಲಿ, ಯಾರ ಮೂಗು ಮೊದಲು ನುಡಿಯುತ್ತದೋ ಅದೇ ಶ್ರುತಿ ಎಂದು ತೀರ್ಮಾನವಾಯಿತು. ಹಂಪಯ್ಯನವರು ನಕ್ಕರು. ಅವರ ಮೂಗು ಕೇರಿಯಲ್ಲೇ ಅತಿ ತೆಳ್ಳನೆಯದು, ಅತಿ ಚೂಪು.

ಆಪರೇಷನ್ ಅರ್ಧ ದಿನ ಹಿಡಿಯಿತು. ಗೋಡೆಯ ಈಚೆ ನಾವು ಉಸಿರು ಬಿಗಿಹಿಡಿದು ಕೇಳಿದ್ದು ಚಿಮಟ ತಟ್ಟೆಗೆ ಬೀಳುವ ಸದ್ದು, ಆಗಾಗ ದೇವಮ್ಮಣ್ಣಿಯ "ಹ್ಞೂಂ". ಆಮೇಲೆ ಅಪ್ಪಾಜಯ್ಯನವರು ಮುಖದ ನಡುವೆ ಒಂದು ದೊಡ್ಡ ಬಿಳಿ ಕೊಬ್ಬರಿ ಬಟ್ಟಲು ಇಟ್ಟುಕೊಂಡವರಂತೆ ಮನೆಯಲ್ಲೇ ಕೂತರು. ಊತ ಇಳಿಯುತ್ತದೋ ಗಾಳಿ ಮೊದಲು ಬರುತ್ತದೋ ಎಂಬುದೇ ಊರಿನ ಮಾತಾಯಿತು. ನನಗೂ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದೇ ಪುಟವನ್ನು ದಿನಗಟ್ಟಲೆ ಓದಿದೆ.

ಕೆರೆಯ ನೀರು ಮುಂಜಾನೆ ಸುಕ್ಕುಗಟ್ಟಿದ್ದನ್ನು ನೋಡಿ ಹಿರಿಯರು "ಇವತ್ತೇ" ಎಂದರು. ಆ ಬೆಳಗ್ಗೆಯೇ ದೇವಮ್ಮಣ್ಣಿ ಅಪ್ಪಾಜಯ್ಯನವರ ಬ್ಯಾಂಡೇಜ್ ಬಿಚ್ಚಿದರು. ಮನೆಯ ಕನ್ನಡಿಯನ್ನು ತಾಯಕ್ಕನೇ ಹಿಡಿದಿದ್ದರಂತೆ. ಅಪ್ಪಾಜಯ್ಯನವರು ನೋಡಿಕೊಂಡು, "ಇದು ನಮ್ಮ ಗುಣನ ಮೂಗಲ್ವಾ?" ಎಂದರಂತೆ. "ನಿಮ್ಮದು. ಅವಳಿಗೆ ಕೊಟ್ಟಿದ್ರಿ," ಎಂದು ಡಾಕ್ಟರ ಉತ್ತರ.

ಶ್ರುತಿಕಟ್ಟೆಯ ಸುತ್ತ ಊರೆಲ್ಲ ಮೂಗು ಹಿಡಿದುಕೊಂಡು ನಿಂತಿತ್ತು. ಮುಂದೆ ಮರಳುಕೇರಿ, ಗಲ್ಲ ಮೇಲೆ. ಅವರ ಹಿಂದೆ ನಾವು. ಕಡಲಕೇರಿಯವರು ಎಂದಿನಂತೆ ಕಟ್ಟೆಯ ಹಿಂದಿನ ಗೋಡೆಯ ಮರೆಯಲ್ಲಿ, ಗಾಳಿ ತಾಕದ ಜಾಗದಲ್ಲಿ. ಅಲ್ಲಿ ನಿಲ್ಲಬೇಕೆಂದು ಅವರಿಗೆ ಹೇಳಿದವರು ಯಾರು, ಯಾವಾಗ ಎಂದು ಅವರಿಗೂ ಗೊತ್ತಿಲ್ಲ. ಬಾಯಿಂದಲೇ ಉಸಿರಾಡುತ್ತ ಕಾಯುವ ಒಂದು ಊರಿನ ಸದ್ದು ಕೇಳಿದ್ದೀರಾ? ಬಿಸಿಲಲ್ಲಿ ನಿಂತ ಎಮ್ಮೆಯ ಹಿಂಡಿನ ಹಾಗಿರುತ್ತದೆ. ಕಟ್ಟೆಯ ಮೇಲೆ ಹಂಪಯ್ಯನವರು ಕತ್ತಿಯಂತೆ ಮೂಗು ಚಾಚಿ ನಿಂತಿದ್ದರು. ಪಕ್ಕದಲ್ಲಿ ಅಪ್ಪಾಜಯ್ಯನವರು, ಕಣ್ಣಿನ ಕೆಳಗೆ ಇನ್ನೂ ಹಳದಿ ಬಣ್ಣ, ಹೊಸ ಮೂಗು ನಡುಗುತ್ತಿತ್ತೋ ಅವರೇ ನಡುಗುತ್ತಿದ್ದರೋ ನನಗೆ ತಿಳಿಯಲಿಲ್ಲ. ಗುಣವತಿ ಕಟ್ಟೆಯ ಬುಡದಲ್ಲಿ, ಅಮ್ಮನ ಪಕ್ಕ, ಎರಡು ಬೆರಳಿನಿಂದ ಮೂಗು ಒತ್ತಿಹಿಡಿದು ಅಪ್ಪನನ್ನೇ ನೋಡುತ್ತಿದ್ದಳು.

ಗಾಳಿ ಎಂದರೆ ನಮಗೆ ಕೆಂಪಗೆ ಎದ್ದು ಬರುವ ಗೋಡೆ. ಎಲ್ಲರ ಕಣ್ಣೂ ಪಡುವಣದ ದೂರದಲ್ಲಿ ಆ ಗೋಡೆಯನ್ನು ಹುಡುಕುತ್ತಿತ್ತು. ಆದರೆ ಅದಕ್ಕೂ ಬಹಳ ಮೊದಲು, ಬೇವಿನ ಒಂದು ಎಲೆಯನ್ನಷ್ಟೇ ಅಲುಗಿಸುವ, ಲೆಕ್ಕಕ್ಕಿಲ್ಲದ ಒಂದು ಎಳೆಗಾಳಿ ಬರುತ್ತದೆ. ತೆಳ್ಳನೆಯ ಮೂಗುಗಳಿಗೆ ಅದು ಸಾಲುವುದಿಲ್ಲ. ಬುಡ ಅಗಲವಾಗಿ ತೆರೆದ ಮೂಗಿಗೆ ಸಾಲುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ, ಅಂಥ ಮೂಗನ್ನು ನಾವು ಕಟ್ಟೆ ಹತ್ತಿಸಿದ್ದೇ ಇಲ್ಲವಲ್ಲ.

ಬೇವಿನ ಎಲೆ ಅಲುಗಿತು. ಅಪ್ಪಾಜಯ್ಯನವರ ಮೂಗು ನುಡಿಯಿತು.

ಮೊದಲು ಅದು ಸ್ವರ ಎಂದೇ ಅನಿಸಲಿಲ್ಲ. ಎಲ್ಲೋ ನೆಲದಡಿಯಿಂದ, ತುಂಬಿದ ಹರವಿಯೊಳಗಿಂದ ಎದ್ದು ಬಂದ ಹಾಗೆ, ಅಂಗಾಲಿಗೆ ತಾಕುವ ದನಿ. ಅಪ್ಪಾಜಯ್ಯನವರು ಸ್ವತಃ ಬೆಚ್ಚಿ, ಇದು ಯಾರದು ಎಂದು ಪಕ್ಕಕ್ಕೆ ತಿರುಗಿ ನೋಡಿದರು. ಹಂಪಯ್ಯನವರು ಗಲ್ಲ ಇನ್ನೂ ಎತ್ತಿದರು, ಹೊಳ್ಳೆ ಅರಳಿಸಿದರು, ತುದಿಗಾಲಲ್ಲಿ ನಿಂತರು. ಅವರ ಮೂಗು ಮಾತಾಡಲಿಲ್ಲ. ಊರೂ ಮೂಗಿನಿಂದ ಬೆರಳು ತೆಗೆಯಲಿಲ್ಲ. ಎಲ್ಲರ ಕಿವಿ ಮೇಲಿನ ಸ್ವರಕ್ಕೆ ಕಾಯುತ್ತಿತ್ತು. ಅಪ್ಪಾಜಯ್ಯನವರ ದನಿ ಒಂಟಿಯಾಗಿ ಆ ಬಯಲಿನಲ್ಲಿ ನಿಂತೇ ಇತ್ತು, ಅವರ ಮುಖ ಬಾಡತೊಡಗಿತು.

ಆಗ ಕಟ್ಟೆಯ ಬುಡದಿಂದ ಇನ್ನೊಂದು ದನಿ ಎದ್ದಿತು. ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಗುಣವತಿ ಬೆರಳು ತೆಗೆದಿದ್ದಳು. ಎರಡೂ ಸೇರಿದ ಕೂಡಲೇ ಯಾರೋ ಬಾಗಿಲಿನ ಎರಡು ರೆಕ್ಕೆಯನ್ನೂ ತೆರೆದಂತಾಯಿತು. ತಾಯಕ್ಕ ಸುತ್ತಲ ಹೆಂಗಸರ ಕಡೆ ಒಮ್ಮೆ, ನಿಧಾನವಾಗಿ, ಒಬ್ಬರನ್ನೂ ಬಿಡದೆ ನೋಡಿದರು. ಪಾರತ್ತೆ, "ಕೇಳಿಸ್ತೇನ್ರೇ? ಇದು ಯಾರ ಕಡೆ ಅಂತ ಈಗ ಹೇಳಿ!" ಎಂದು ಕೂಗಿ, ತಮ್ಮ ಮೂಗನ್ನೂ ಬಿಟ್ಟರು. ಗೋಡೆಯ ಹಿಂದಿನಿಂದ ಕಡಲಕೇರಿಯವರು ದಡದಡ ಓಡಿ ಬಂದು ಗಾಳಿಗೆ ಮುಖ ಕೊಟ್ಟರು. ಅವರಿಗೆ ಗಲ್ಲ ಎತ್ತುವ, ಇಳಿಸುವ ಕೆಲಸವೇ ಇರಲಿಲ್ಲ. ಇದ್ದ ಹಾಗೇ ಸೇರಿಹೋದರು. ಮುದುಕರು ಕುಣಿಯತೊಡಗಿದರು. ಗುಡ್ಡಗೇರಿಯವರು ನಾವು ಎರಡು ಬೆರಳು ಗಲ್ಲ ತಗ್ಗಿಸಿದೆವು. ಗಡಿಗೆ ಮುಚ್ಚಳದ ನನ್ನ ಮೂಗು ಆ ದೊಡ್ಡ ದನಿಯೊಳಗೆ ಎಲ್ಲಿ ಹೊಂದಿತೋ, ಪಕ್ಕದಲ್ಲಿದ್ದವರು ತಿರುಗಿ ನೋಡಿ ನಕ್ಕರು, ಅದು ಮೆಚ್ಚುಗೆಯ ನಗು. ಅಪ್ಪಾಜಯ್ಯನವರು ಕಟ್ಟೆಯ ಮೇಲಿನಿಂದ ಕೈ ಚಾಚಿದರು. ಗುಣವತಿ ಆ ಕೈ ಹಿಡಿದು ಹತ್ತಿದಳು.

ಕೆಂಪು ಗೋಡೆ ಆಮೇಲೆ ಬಂತು. ಅದು ಮುಖಕ್ಕೆ ಬಡಿದಾಗ ಹಂಪಯ್ಯನವರ ಮೂಗು ಕಿರ್ರೆಂದು ಮೇಲಿನ ಸ್ವರದಲ್ಲಿ ನುಡಿಯಿತು. ದೂಳಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸುತ್ತಿತ್ತು. ಸ್ವರ ಒಂದು ಮನೆ ಇಳಿಯಿತು. ಅಪಸ್ವರ. ಇನ್ನೊಂದು ಮನೆ ಇಳಿಯಿತು. ನಿಂತಿತು. ಬಹುಶಃ ಯೋಚಿಸಿತು. ಆಮೇಲೆ ಮೂರನೆಯ ಮನೆಗೂ ಇಳಿದು ಶ್ರುತಿ ಸೇರಿತು.

ಆ ವರ್ಷದಿಂದ ನಮ್ಮೂರಿನ ಶ್ರುತಿ ಮೂರು ಮನೆ ಕೆಳಗಿದೆ. ಹಾರ್ಮೋನಿಯಮ್ಮುಗಳನ್ನು ಹೊಸದಾಗಿ ಶ್ರುತಿ ಮಾಡಿಸಲಾಯಿತು. ಮರಳುಕೇರಿಯವರು ಗಲ್ಲ ಇಳಿಸಿ ನಡೆಯುತ್ತಾರೆ. ಬ್ಯಾಂಕಿನ ಗಾಜು ಮತ್ತೆ ಕೆಂಪಾಗಿದೆ.